ಯಹೂದಿ ಸ್ಮಶಾನಕ್ಕೆ ಎಂಟನೇ ತರಗತಿಯ ಭೇಟಿ: ಪೋಷಕರಿಗೆ ಪತ್ರ

ಆತ್ಮೀಯ ಪೋಷಕರೇ, ನಮಸ್ಕಾರ.

ಬರುವ ಗುರುವಾರ ಎಂಟನೇ ತರಗತಿಯ ಮಕ್ಕಳನ್ನು ಮೈಸೂರು ರಸ್ತೆಯ ಯಹೂದಿ ಸ್ಮಶಾನಕ್ಕೆ ಕರೆದುಕೊಂಡು ಹೋಗುತ್ತೇವೆ ಎಂದು ಡೈರಿಯಲ್ಲಿ ಬರೆಸಿದ ಮರುದಿನವೇ ಕೆಲವು ತಾಯಂದಿರು ಬಂದು ನನ್ನನ್ನು ಕಂಡರು. "ಸ್ಮಶಾನಕ್ಕೆ ಯಾಕೆ ಮೇಡಂ? ಮಕ್ಕಳು ಹೆದರಿಕೊಂಡರೆ?" ಎಂದು ಕೇಳಿದರು. ಕೇಳಬೇಕಾದ ಮಾತೇ. ಎಲ್ಲರಿಗೂ ಒಟ್ಟಿಗೆ ಉತ್ತರ ಹೇಳೋಣವೆಂದು ಈ ಪತ್ರ.

ಆ ಜಾಗ ಕೊಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು, 1904ರಲ್ಲಿ. ರಾಜ್ಯಭಾರ ವಹಿಸಿಕೊಂಡು ಇನ್ನೂ ಎರಡು ವರ್ಷ. ವಯಸ್ಸು ಇಪ್ಪತ್ತರ ಆಸುಪಾಸು. ಬೆಂಗಳೂರಿನಲ್ಲಿ ಆಗ ಯಹೂದಿಗಳು ಬೆರಳೆಣಿಕೆಯಷ್ಟು ಮಂದಿ. ಅಷ್ಟು ಚಿಕ್ಕ ಸಮುದಾಯಕ್ಕೂ ತಮ್ಮವರನ್ನು ತಮ್ಮ ವಿಧಿಯಂತೆ ಮಣ್ಣು ಮಾಡಲು ನೆಲ ಸಿಕ್ಕಿತಲ್ಲ, ಇದನ್ನು ನಮ್ಮ ಮಕ್ಕಳು ಅಲ್ಲೇ ನಿಂತು ತಿಳಿಯಬೇಕು ಎಂಬುದು ನನ್ನ ಆಸೆ.

ಅಲ್ಲಿ ಮೊದಲು ಮಣ್ಣಾದವರು ಸುಬೇದಾರ್ ಸ್ಯಾಮುಯೆಲ್ ನಾಗಾವ್ಕರ್. ಹೆಸರಿನಲ್ಲೇ ಊರಿದೆ: ಮಹಾರಾಷ್ಟ್ರದ ಅಲಿಬಾಗ್ ಹತ್ತಿರದ ನಾಗಾವ್. ಊರ ಹೆಸರಿಗೆ 'ಕರ್' ಸೇರಿಸುವುದು ಕೊಂಕಣದ ರೂಢಿ. ಆ ಕರಾವಳಿಯಲ್ಲಿ ತಲೆತಲಾಂತರದಿಂದ ಇದ್ದ ಯಹೂದಿಗಳು ಬೆನೆ ಇಸ್ರೇಲರು. ಮನೆಮಾತು ಮರಾಠಿ, ಕಸುಬು ಗಾಣ. ಶನಿವಾರ ಗಾಣ ತಿರುಗಿಸುತ್ತಿರಲಿಲ್ಲವಾದ್ದರಿಂದ ಸುತ್ತಲಿನವರು ಅವರನ್ನು 'ಶನಿವಾರ ತೇಲಿ' ಎಂದೇ ಕರೆದರು; ಮರಾಠಿಯಲ್ಲಿ ತೇಲಿ ಎಂದರೆ ಗಾಣಿಗ. ಮುಂದೆ ಅನೇಕರು ಬ್ರಿಟಿಷರ ಸೈನ್ಯ ಸೇರಿದರು. ಬೆಂಗಳೂರಿನಲ್ಲಿ ನೆಲೆಸಿದ ಯಹೂದಿಗಳಲ್ಲಿ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಬೂಟಿನ ಅಂಗಡಿ ನಡೆಸಿದ ರೂಬಿನ್ ಮೋಸಸ್ ಹೆಸರಾದವರು. ಅವರ ಸಮಾಧಿಯೂ ಇಲ್ಲೇ ಇದೆ.

ಸಮಾಧಿಕಲ್ಲು ಓದುವುದನ್ನು ಮಕ್ಕಳು ಈಗಾಗಲೇ ಕಲಿಯುತ್ತಿದ್ದಾರೆ. ಯಹೂದಿ ಕಲ್ಲುಗಳ ನೆತ್ತಿಯ ಮೇಲೆ ಸಾಮಾನ್ಯವಾಗಿ ಎರಡು ಹೀಬ್ರೂ ಅಕ್ಷರಗಳಿರುತ್ತವೆ, ಪೇ ಮತ್ತು ನೂನ್. ಬಲದಿಂದ ಎಡಕ್ಕೆ ಓದಬೇಕು. 'ಇಲ್ಲಿ ಮಣ್ಣಾಗಿದ್ದಾರೆ' ಎಂಬುದರ ಗುರುತು ಅದು. ಅವರ ಇಸವಿ ಬೇರೆ; ಹೊಸ ವರ್ಷ ಸೆಪ್ಟೆಂಬರ್ ಹೊತ್ತಿಗೆ ಬರುವುದರಿಂದ ನಮ್ಮ ಇಸವಿಗೆ 3760 ಅಥವಾ 3761 ಕೂಡಿಸಬೇಕು. ಗಣಿತದ ಮೇಷ್ಟ್ರು ಈ ಲೆಕ್ಕ ಮಾಡಿಸಿದ್ದಾರೆ.

ಶನಿವಾರ ಅವರ ಸಬ್ಬತ್, ಎಂದರೆ ಕೆಲಸ ಬಿಟ್ಟು ವಿಶ್ರಮಿಸುವ ಪವಿತ್ರ ದಿನ, ಅಂದು ಸ್ಮಶಾನಕ್ಕೆ ಹೋಗುವಂತಿಲ್ಲ. ಅದಕ್ಕೇ ಗುರುವಾರ. ಗಂಡುಮಕ್ಕಳು ಟೋಪಿ ತರಲಿ. ಅಲ್ಲಿ ತಲೆ ಮುಚ್ಚಿಕೊಳ್ಳುವುದು ಮರ್ಯಾದೆ. ಸಮಾಧಿಗಳ ಮೇಲೆ ಹತ್ತುವುದು, ಕೂರುವುದು ಖಂಡಿತ ಕೂಡದು ಎಂದು ನೀವೂ ಮನೆಯಲ್ಲಿ ಹೇಳಿ. ಮೈಲಿಗೆಯ ಮಾತೆತ್ತಿದ ಅಜ್ಜಿಯರಿಗೆ ಇದನ್ನು ತಿಳಿಸಿ: ಸ್ಮಶಾನದಿಂದ ಹೊರಡುವಾಗ ಯಹೂದಿಗಳೂ ಕೈ ತೊಳೆದುಕೊಳ್ಳುತ್ತಾರೆ. ನಮ್ಮ ಮಕ್ಕಳೂ ತೊಳೆದುಕೊಂಡೇ ಬಸ್ಸು ಹತ್ತುತ್ತಾರೆ.

ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿ ಮಂಗಳವಾರದೊಳಗೆ ಕ್ಲಾಸ್ ಟೀಚರ್ ಕೈಗೆ ತಲುಪಿಸಿ. ಮನಸ್ಸೊಪ್ಪದಿದ್ದರೆ ಬಲವಂತವಿಲ್ಲ, ಆ ಮಕ್ಕಳಿಗೆ ಅಂದು ಗ್ರಂಥಾಲಯದಲ್ಲಿ ಪಾಠ ಇರುತ್ತದೆ.

ಹೂವು ಕಳಿಸಬೇಡಿ. ಅವರಲ್ಲಿ ಸಮಾಧಿಯ ಮೇಲೆ ಇಡುವುದು ಪುಟ್ಟ ಕಲ್ಲು, ಬಂದು ಹೋದೆವು ಎಂಬುದಕ್ಕೆ. ನಿಮ್ಮ ಮನೆಯ ಮುಂದಿನಿಂದಲೇ ಒಂದನ್ನು ಹೆಕ್ಕಿ, ತೊಳೆದು, ಮಗುವಿನ ಜೇಬಿಗೆ ಹಾಕಿ ಕಳಿಸಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ