ತೆಂಗಿನಕಾಯಿ ತ್ರೀ ಮತ್ತು ಸೈಕಲ್ ಟ್ಯೂಬು: ಗೆಳೆಯನಿಗೊಂದು ಪತ್ರ

ಪ್ರಿಯ ಕ್ರಿಲಿನ್,

ಎಲ್ಲರ ಕಣ್ಣೆದುರು ನಿನ್ನನ್ನು ಹೀಗೆ ಕರೆದದ್ದಕ್ಕೆ ಕ್ಷಮೆಯಿರಲಿ. 161 ಪಾತ್ರಗಳಿದ್ದ ವಿಡಿಯೋ ಗೇಮಿನಲ್ಲಿ ಎರಡು ವರ್ಷ ಕ್ರಿಲಿನ್ ಎಂಬ ಆ ಬೋಳುತಲೆಯವನೊಬ್ಬನನ್ನೇ ಆರಿಸಿಕೊಂಡು ಕೂತವನು ನೀನು. ಹೆಸರು ತಾನಾಗಿಯೇ ಅಂಟಿಕೊಂಡಿತು. (ಹುರಿಗಡಲೆಯ ಪ್ರಸಂಗವನ್ನು ಇಲ್ಲಿ ಬರೆಯುವುದಿಲ್ಲ, ಹೆದರಬೇಡ.)

ಕೊನೆಗೂ ಜಪಾನಿನ ಕಾಮಿಕ್ಸ್ ಸರಣಿ ಡ್ರ್ಯಾಗನ್ ಬಾಲ್‌ನ ಹೊಸ ಆಟ 'ಸ್ಪಾರ್ಕಿಂಗ್! ಝೀರೋ' ಕೊಂಡುಕೊಂಡೆ. 2007ರ 'ಬುಡೊಕಾಯ್ ತೆಂಕಾಯ್ಚಿ 3', ಅಂದರೆ ನಮ್ಮ ತೆಂಗಿನಕಾಯಿ ತ್ರೀ, ಅದರ ಮುಂದಿನ ಕುಡಿಯಿದು. 17 ವರ್ಷ ಕಾಯಿಸಿ 2024ರ ಅಕ್ಟೋಬರಿನಲ್ಲಿ ಬಂತು, 182 ಪಾತ್ರಗಳೊಂದಿಗೆ. ಈ ಲೋಕವನ್ನು ಹುಟ್ಟಿಸಿದ ಅಕಿರಾ ತೊರಿಯಾಮಾ ಅದೇ ವರ್ಷದ ಮಾರ್ಚ್ 1ರಂದು ತೀರಿಕೊಂಡಿದ್ದರು. ನಡುವೆ 2018ರಲ್ಲಿ ಬಂದ 'ಫೈಟರ್‌ಝಡ್' ನೋಡಲು ಬಲು ಚೆಂದವಿತ್ತು, ಕಾಮಿಕ್ಸ್ ಪುಟವೇ ಎದ್ದು ಓಡಾಡಿದಂತೆ. ಆದರೆ ಮೂವರಿಗೆ ಮೂವರಂತೆ ಕಾದಾಡುವುದನ್ನು ಪಕ್ಕದಿಂದ ನೋಡುವ ಆಟ ಅದು. ನನಗೆ ಬೇಕಾದದ್ದು ಕಥಾನಾಯಕ ಗೋಕುವಿನ ಬೆನ್ನ ಹಿಂದೆ ನಿಂತು, ಎದುರಾಳಿಯನ್ನು ಬೆಟ್ಟದೊಳಕ್ಕೆ ತೂರಿ, ಅವನು ನೆಲ ಮುಟ್ಟುವ ಮೊದಲೇ ಹಾರಿ ಹೋಗಿ ಇನ್ನೊಂದು ಬಾರಿಸುವ ಸುಖ.

ಆದರೆ ಇಬ್ಬರು ಒಂದೇ ಟಿವಿಯ ಮುಂದೆ ಕೂತು ಆಡುವುದಕ್ಕೆ, ಆಟ ಬಿಡುಗಡೆಯಾದಾಗ, ಒಂದೇ ಒಂದು ರಂಗಸ್ಥಳವಿತ್ತು: ಕಥೆಯಲ್ಲಿ ಬರುವ, ಹೊರಗಿನ ಒಂದು ದಿನ ಒಳಗೆ ಒಂದು ವರ್ಷವಾಗುವ ಆ ಬಿಳಿಯ ಕೋಣೆ. ಪರದೆಯನ್ನು ಸೀಳಿದರೆ ಯಂತ್ರವು ಅದೇ ದೃಶ್ಯವನ್ನು ಎರಡು ಕಡೆಯಿಂದ ಬಿಡಿಸಬೇಕು. ಬೆಟ್ಟ, ಕಡಲು, ಊರುಗಳಿದ್ದರೆ ಅದಕ್ಕೆ ಉಸಿರು ಕಟ್ಟುತ್ತದೆ, ಖಾಲಿ ಕೋಣೆಯಾದರೆ ಹೇಗೋ ನಿಭಾಯಿಸುತ್ತದೆ. ನಾನು ಮೊದಲು ಹೊಕ್ಕದ್ದೂ ಅಲ್ಲಿಗೇ. ನೋಡಲು ಬೇರೇನೂ ಇಲ್ಲದ ಕಾರಣ ನನ್ನ ಕೈಗಳನ್ನೇ ನೋಡಿಕೊಂಡೆ.

ನಾವು ಆಡುತ್ತಿದ್ದ ಗೇಮ್ ಪಾರ್ಲರಿನ ಎರಡು ರಿಮೋಟುಗಳು ನಿನಗೆ ನೆನಪಿವೆಯೇ? ಒಂದರ ಅನಲಾಗ್ ಸ್ಟಿಕ್ಕಿನ, ಅಂದರೆ ಸುತ್ತ ತಿರುಗಿಸುವ ಪುಟ್ಟ ಹಿಡಿಯ, ರಬ್ಬರ್ ಕಿತ್ತುಹೋಗಿ, ಮಾಲೀಕರು ಅದಕ್ಕೆ ಸೈಕಲ್ ಟ್ಯೂಬಿನ ತುಂಡೊಂದನ್ನು ಸುತ್ತಿದ್ದರು. ಓಡುವುದಕ್ಕೆ, ಹಾರುವುದಕ್ಕೆ ತೊಂದರೆಯಿರಲಿಲ್ಲ. ಆದರೆ ಇಬ್ಬರ ಕಾಮೆಹಾಮೆಹಾ, ಅಂದರೆ ಅಂಗೈಯಿಂದ ಚಿಮ್ಮುವ ಬೆಳಕಿನ ಅಸ್ತ್ರ, ನಡುದಾರಿಯಲ್ಲಿ ಡಿಕ್ಕಿಯಾದಾಗ ಬೇರಾವ ಜಾಣ್ಮೆಯೂ ಲೆಕ್ಕಕ್ಕೆ ಬರುತ್ತಿರಲಿಲ್ಲ, ಸ್ಟಿಕ್ಕನ್ನು ಯಾರು ವೇಗವಾಗಿ ತಿರುಗಿಸುತ್ತಾರೋ ಅವರದೇ ಗೆಲುವು. ಆ ಟ್ಯೂಬಿನ ಅಂಚು ಅರ್ಧ ಸುತ್ತಿಗೆ ಬಂದು ತಡೆಯುತ್ತಿತ್ತು. ಮೊದಲ ದಿನವೇ ಇದು ನನಗೆ ಗೊತ್ತಾಗಿತ್ತು. ಕಾಲೇಜು ಬಿಟ್ಟೊಡನೆ ನಾನು ಓಡಿ ಬರುತ್ತಿದ್ದದ್ದು ಜಾಗ ಹಿಡಿಯುವುದಕ್ಕಲ್ಲ, ಒಳ್ಳೆಯ ರಿಮೋಟು ಹಿಡಿಯುವುದಕ್ಕೆ. ನೀನು ಅಂಗೈ ಕೆಂಪಾಗುವಂತೆ ತಿರುಗಿಸಿ ಸೋತು, "ನಿನ್ನ ಕೈಯಲ್ಲಿ ಏನೋ ಇದೆ ಕಣೋ" ಎಂದು ಹೊಗಳುವಾಗ ನಾನು ವಿನಯದಿಂದ ನಗುತ್ತಿದ್ದೆ.

ಇಲ್ಲಿಗೆ ನಿಲ್ಲಿಸಬೇಕೆಂದಿದ್ದೆ. ಆದರೆ ಆ ಗೆಲುವುಗಳನ್ನೆಲ್ಲ ನಾನು ಫಿಸಿಕ್ಸ್ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಗೆರೆ ಎಳೆದು ಲೆಕ್ಕವಿಡುತ್ತಿದ್ದೆ. ಅದೇ ಪುಸ್ತಕದ ಮುಂದಿನ ಪುಟಗಳಲ್ಲಿ ನಿನ್ನಿಂದ ನಕಲು ಮಾಡಿಕೊಂಡ ಲೆಕ್ಕಗಳಿದ್ದವು. ಅಂಕಗಳಲ್ಲಿ, ಸೀಟಿನಲ್ಲಿ, ಆಮೇಲೆ ನೌಕರಿಯಲ್ಲಿ, ಎಲ್ಲದರಲ್ಲೂ ನೀನು ಮುಂದಿದ್ದೆ. ನೀನು ಹೊರದೇಶಕ್ಕೆ ಹೊರಟ ದಿನ ನಾನು ಬರಲಿಲ್ಲ. ಜ್ವರ ಎಂದಿದ್ದೆನಲ್ಲ, ಜ್ವರವಿರಲಿಲ್ಲ.

ಕಳೆದ ಭಾನುವಾರ ಎರಡೂ ಕಂಟ್ರೋಲರ್‌ಗಳನ್ನು ನಾನೊಬ್ಬನೇ ಹಿಡಿದು ಆ ಬಿಳಿಯ ಕೋಣೆಯಲ್ಲಿ ಒಂದು ಪಂದ್ಯ ಆಡಿದೆ, ಎಡಗೈಯಲ್ಲಿ ನನ್ನ ವೆಜೀಟಾ, ಬಲಗೈಯಲ್ಲಿ ನಿನ್ನ ಕ್ರಿಲಿನ್. ನೀನು ಗೆದ್ದೆ, ನನ್ನ ಎಡಗೈ ಎಂಥದೆಂದು ಕ್ರಿಕೆಟ್ ಆಡುವಾಗ ನೀನೇ ನೋಡಿದ್ದೀಯೆ, ಹಾಗಾಗಿ ಹೆಚ್ಚು ಬೀಗಬೇಡ.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಹೇಳಿದ್ದರೆ ನೀನು "ಬಿಡೋ ಮಾರಾಯ" ಎಂದು ಮುಗಿಸಿಬಿಡುತ್ತಿದ್ದೆ. ಇಲ್ಲಿಯಾದರೆ ನಾಲ್ಕು ಜನ ನಿನ್ನ ಪರವಾಗಿ ನನ್ನನ್ನು ಬೈಯಲಿ. ಡಿಸೆಂಬರಿನಲ್ಲಿ ಊರಿಗೆ ಬಂದಾಗ ಮನೆಗೆ ಬಾ, ಕಂಟ್ರೋಲರನ್ನು ಮೊದಲು ನೀನೇ ಆರಿಸಿಕೊ. ಎರಡರಲ್ಲಿ ಒಂದರ ಸ್ಟಿಕ್ಕು ಈಗಾಗಲೇ ತಾನಾಗಿ ಎಡಕ್ಕೆ ಜಾರತೊಡಗಿದೆ. ಯಾವುದೆಂದು ಹೇಳುವುದಿಲ್ಲ.

ಇಂತಿ ನಿನ್ನ,
ಸೋಲರಿಯದ ವೆಜೀಟಾ