ಮಾತ್ರೆಯ ಹೆಸರು ಕೇಳಿದ ಆ ಹುಡುಗಿಗೆ, ಮತ್ತು ಉಳಿದ ಎಲ್ಲರಿಗೂ

ಕಳೆದ ವಾರ ನಮ್ಮ ಯಜಮಾನರ ಎರಡನೇ ಬಯಾಪ್ಸಿ (ಚೂರು ತೆಗೆದು ಮಾಡುವ ಪರೀಕ್ಷೆ) ರಿಪೋರ್ಟ್ ಬಂತು. ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ) ಕ್ಯಾನ್ಸರ್ ಹೋದ ವರ್ಷ ಎಷ್ಟಿತ್ತೋ ಅಷ್ಟೇ ಇದೆ, ಬೆಳೆದಿಲ್ಲ. ಈಗಲೂ ಆಪರೇಷನ್ ಬೇಡ, ರೇಡಿಯೇಷನ್ ಬೇಡ, ಹೀಗೇ ನಿಗಾ ಇಟ್ಟು ನೋಡೋಣ ಅಂದರು ಡಾಕ್ಟರು. ಈ ವರ್ಷ ನಮ್ಮ ಜೊತೆ ನಿಂತವರಿಗೆ ಎಲ್ಲರೂ ಓದುವ ಹಾಗೆ ಥ್ಯಾಂಕ್ಸ್ ಹೇಳಬೇಕು ಅನಿಸಿತು. ಯಜಮಾನರೂ "ಬರಿ, ಮುಚ್ಚಿಡೋದೇನಿದೆ" ಅಂದರು.

ಮೊದಲು, ದಾವಣಗೆರೆಯ ವಿದ್ಯಾನಗರದ ಕಡೆ ಲ್ಯಾಬೊಂದರಲ್ಲಿ ರಕ್ತ ತೆಗೆದ ಹುಡುಗಿಗೆ. ಆಕೆಯ ಹೆಸರೂ ನನಗೆ ಗೊತ್ತಿಲ್ಲ. ಸೂಜಿ ಹಾಕುವ ಮುಂಚೆ "ದಿನಾ ಯಾವ ಮಾತ್ರೆ ತಗೊಳ್ತೀರಾ ಅಂಕಲ್?" ಅಂತ ಕೇಳಿದಳು. ಬಿಪಿ ಮಾತ್ರೆ ಜೊತೆಗೆ ಡ್ಯುಟಾಸ್ಟರೈಡ್ ಅಂದರು ಇವರು. ಪ್ರಾಸ್ಟೇಟ್ ದೊಡ್ಡದಾಗಿದೆ ಅಂತ ಬಹಳ ದಿನದಿಂದ ತಗೊಳ್ಳುತ್ತಿದ್ದ ಮಾತ್ರೆ ಅದು. ಅದನ್ನು ಚೀಟಿಯ ಮೇಲೆ ಬರೆದುಕೊಂಡಳು.

ಪಿಎಸ್‌ಎ, ಅಂದರೆ ಪ್ರಾಸ್ಟೇಟ್ ತೊಂದರೆ ಇದೆಯಾ ಅಂತ ರಕ್ತದಲ್ಲಿ ನೋಡುವ ಅಂಕಿ, 3.4 ಬಂತು. ರಿಪೋರ್ಟಿನ ಪಕ್ಕದಲ್ಲೇ 4ರವರೆಗೆ ನಾರ್ಮಲ್ ಅಂತ ಅಚ್ಚಾಗಿತ್ತು. ಆದರೆ ಡಾಕ್ಟರು ಆ ಚೀಟಿ ನೋಡಿ ಪೆನ್ನು ತಗೊಂಡು ಪಕ್ಕದಲ್ಲಿ 6.8 ಅಂತ ಬರೆದರು. ಡ್ಯುಟಾಸ್ಟರೈಡ್, ಫಿನಾಸ್ಟರೈಡ್ ಈ ಜಾತಿಯ ಮಾತ್ರೆಗಳನ್ನು ಆರು ತಿಂಗಳಿಗಿಂತ ಜಾಸ್ತಿ ತಗೊಂಡರೆ ರಕ್ತದಲ್ಲಿ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿಯುತ್ತದಂತೆ. ಹಾಗಾಗಿ ಬಂದ ಅಂಕಿಯನ್ನು ಎರಡರಿಂದ ಗುಣಿಸಿ ಓದಬೇಕು. ದಯವಿಟ್ಟು ನಿಮ್ಮ ಮನೆಯ ಹಿರಿಯರು ಈ ಮಾತ್ರೆ ತಗೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಿ. ಅವರು ಕೇಳದಿದ್ದರೂ ಹೇಳಿ.

ಆ ಡಾಕ್ಟರಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆಯೇ. 6.8 ಅಂದ ಕೂಡಲೇ ನನ್ನ ಮುಖ ನೋಡಿ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. ಪ್ರಾಸ್ಟೇಟ್ ಅಂದರೆ ಸಿಪ್ಪೆ ಸುಲಿಯದ ಅಡಿಕೆಯಷ್ಟು ಇರಬೇಕಾದ ಗ್ರಂಥಿ, ಪಿಎಸ್‌ಎ ಅದು ತಯಾರಿಸುವ ಪ್ರೋಟೀನು, ಸ್ವಲ್ಪ ರಕ್ತಕ್ಕೂ ಸೇರುತ್ತದೆ. ಗ್ರಂಥಿ ದೊಡ್ಡದಾದರೂ ಏರುತ್ತದೆ, ಮೂತ್ರದ ಸೋಂಕಿದ್ದರೂ ಏರುತ್ತದೆ. 4ರಿಂದ 10ರ ಒಳಗೆ ಇದ್ದವರಿಗೆ ಬಯಾಪ್ಸಿ ಮಾಡಿದರೆ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಕ್ಯಾನ್ಸರ್ ಸಿಗುತ್ತದೆ. ಉಳಿದ ಮೂವರಿಗೆ ಇಲ್ಲ. ಎಷ್ಟೋ ರಾತ್ರಿ ನಾನು ಆ ಮೂವರನ್ನೇ ನೆನೆಸಿಕೊಂಡು ಮಲಗಿದ್ದೇನೆ.

ಅವರು ಅವಸರ ಮಾಡಲಿಲ್ಲ. ಸೋಂಕಿಲ್ಲ ಅಂತ ಖಾತ್ರಿ ಮಾಡಿಕೊಂಡು, ಕೆಲವು ವಾರ ಬಿಟ್ಟು ಮತ್ತೆ ರಕ್ತ ಕೊಡಿಸಿದರು. ಅದಕ್ಕೆ ಮುಂಚೆ ಎರಡು ದಿನ ಸೈಕಲ್ ಬೇಡ ಅಂದರು. ಇವರು ದಿನಾ ಕುಂದವಾಡ ಕೆರೆಗೆ ಸೈಕಲ್ಲಲ್ಲೇ ಹೋಗುವವರು. ಈ ಸಲ ಫ್ರೀ ಪಿಎಸ್‌ಎ ಕೂಡ ನೋಡಿದರು. ಒಟ್ಟು ಪಿಎಸ್‌ಎಯಲ್ಲಿ ಬಿಡಿಯಾಗಿ ಓಡಾಡುವುದು ಶೇಕಡಾ 25ಕ್ಕಿಂತ ಜಾಸ್ತಿ ಇದ್ದರೆ ಅನುಮಾನ ಕಡಿಮೆ, 10ರ ಹತ್ತಿರಕ್ಕೆ ಇಳಿದರೆ ಜಾಸ್ತಿ. ಇವರದು 11. ಆಮೇಲೆ ಎಂಆರ್‌ಐ, ಆಮೇಲೆ ಬಯಾಪ್ಸಿ. ಕ್ಯಾನ್ಸರ್ ಎಷ್ಟು ಜೋರಿನದು ಅಂತ ಹೇಳುವ ಗ್ಲೀಸನ್ ಅಂಕ 6 ಬಂತು. ಕ್ಯಾನ್ಸರ್ ಹೌದು, ಆದರೆ ಅತಿ ಕೆಳಗಿನ ದರ್ಜೆಯದು, ಬಹಳ ನಿಧಾನದ್ದು.

ನಿಜವಾಗಿ ಕಷ್ಟವಾಗಿದ್ದು ಅಲ್ಲಿಂದ ಮುಂದೆ. "ಕ್ಯಾನ್ಸರ್ ಇಟ್ಕೊಂಡು ಸುಮ್ನೆ ಕೂತಿದ್ದೀರಾ? ಬೆಂಗಳೂರಿಗೆ ಹೋಗಿ ತೆಗೆಸಿಬಿಡಿ" ಅಂತ ದಿನಾ ಫೋನು. ಪ್ರೀತಿಯಿಂದಲೇ ಹೇಳುತ್ತಿದ್ದರು, ನನಗೂ ಹೌದಲ್ವಾ ಅನಿಸುತ್ತಿತ್ತು. ಆಗ ಕೆರೆ ಏರಿಯ ಮೇಲೆ ಇವರ ಜೊತೆ ವಾಕ್ ಮಾಡುವ ಹಿರಿಯರೊಬ್ಬರು ಮನೆಗೆ ಬಂದರು. ಅವರಿಗೆ ಇದ್ದದ್ದು ಜೋರಿನ ಕ್ಯಾನ್ಸರ್, ಆಪರೇಷನ್ ಮಾಡಿಸಿಕೊಂಡರು, ಅದರಿಂದಲೇ ಉಳಿದರು. ಆದರೆ ಆಮೇಲೆ ಮೂತ್ರ ತಡೆಯಲಾಗದೆ ಪಟ್ಟ ಪಾಡು, ಗಂಡ ಹೆಂಡತಿ ನಡುವೆ ಆದ ಬದಲಾವಣೆ, ಎಲ್ಲವನ್ನೂ ನಮ್ಮಿಬ್ಬರ ಎದುರು ಕೂತು ಹೇಳಿದರು. "ನನಗೆ ಬೇಕಿತ್ತು, ಮಾಡಿಸಿದೆ. ನಿನಗೆ ಬೇಕಾ ಅಂತ ಡಾಕ್ಟರನ್ನ ಇನ್ನೊಂದ್ಸಲ ಕೇಳು" ಅಂದರು. ನಮ್ಮ ಕಡೆ ಆ ವಯಸ್ಸಿನ ಗಂಡಸರು ಇಂಥದ್ದನ್ನು ಬಾಯಿ ಬಿಟ್ಟು ಹೇಳುತ್ತಾರಾ? ಹೇಳಿದರು, ನಮಗೋಸ್ಕರ. ಸರ್, ನಿಮ್ಮ ಋಣ ದೊಡ್ಡದು.

ಪ್ರತಿ ರಿಪೋರ್ಟಿನ ತಾರೀಖು, ಅಂಕಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಸೊಸೆಗೂ ಥ್ಯಾಂಕ್ಸ್. ಡಾಕ್ಟರು ಈಗ ಮೊದಲು ಕೇಳುವುದು ಆ ಪುಸ್ತಕವನ್ನೇ.

ಕೊನೆಯದಾಗಿ ಚಳ್ಳಕೆರೆಯಲ್ಲಿರುವ ಮೈದುನನಿಗೆ. ಅಪ್ಪನಿಗೋ ಅಣ್ಣ ತಮ್ಮಂದಿರಿಗೋ ಈ ಕ್ಯಾನ್ಸರ್ ಇದ್ದರೆ ಉಳಿದವರಿಗೆ ಅಪಾಯ ಸುಮಾರು ಎರಡು ಪಟ್ಟು. ಅದಕ್ಕೇ ಅವನೂ ಟೆಸ್ಟ್ ಮಾಡಿಸಲಿ ಅಂದಿದ್ದರು ಡಾಕ್ಟರು. ಸೂಜಿ ಕಂಡರೆ ಹೆದರುವವನು, ಅಣ್ಣನ ಮಾತಿಗೆ ಮಾರನೇ ದಿನವೇ ಹೋಗಿ ರಕ್ತ ಕೊಟ್ಟು ಬಂದ. ವಯಸ್ಸು 60, ಪಿಎಸ್‌ಎ 0.9. ಈ ವಯಸ್ಸಿಗೆ 1ರ ಒಳಗಿದ್ದರೆ ಮುಂದೆ ಈ ಕ್ಯಾನ್ಸರಿನಿಂದ ಜೀವಕ್ಕೆ ಅಪಾಯವಾಗುವುದು ಬಹಳ ಅಪರೂಪ ಅಂದರು ಡಾಕ್ಟರು. ಆ ಸಂಜೆ ಅಣ್ಣ ತಮ್ಮ ಇಬ್ಬರೂ ಫೋನಿನಲ್ಲಿ ತುಂಬಾ ಹೊತ್ತು ಮಾತಾಡಿದರು. ಇವರ ಮುಂದಿನ ಪಿಎಸ್‌ಎ ದೀಪಾವಳಿ ಆದ ಮೇಲೆ. ಜೊತೆಗೆ ನಾನೂ ಬರುತ್ತೇನೆ ಅಂದಿದ್ದಾನೆ.