ಗಾಂಧಿ ಬಜಾರಿನ ಜೆರಾಕ್ಸ್ ಅಂಗಡಿಯಲ್ಲಿ ಸಿಕ್ಕ ಅಮ್ಮನಿಗೆ

ಶನಿವಾರ ತಾತನ ಇನ್‌ಲ್ಯಾಂಡ್ ಪತ್ರಗಳನ್ನು ಲ್ಯಾಮಿನೇಷನ್‌ಗೆ ಕೊಡುತ್ತಿದ್ದೆ. ಪಕ್ಕದಲ್ಲಿದ್ದ ನೀವು "ಬೇಡಪ್ಪ, ಆ ಪ್ಲಾಸ್ಟಿಕ್ ಒಂದ್ಸಲ ಅಂಟಿದ್ರೆ ಮತ್ತೆ ಬಿಡಿಸೋಕಾಗಲ್ಲ" ಅಂದಿರಿ. ಆಮೇಲೆ ಹೊರಗಿನ ಕಟ್ಟೆ ಮೇಲೆ ಕೂತು, ತುಕ್ಕು ಹಿಡಿದ ಗುಂಡುಪಿನ್ನೊಂದನ್ನು ಉಗುರಿನಿಂದ ಎಷ್ಟು ನಾಜೂಕಾಗಿ ಬಿಡಿಸಿದಿರಿ! ಕಂದು ಕಲೆ ಉಳಿಯಿತು, ಕಾಗದ ಹರಿಯಲಿಲ್ಲ.

ಸೆಲೋಟೇಪ್ ಹಚ್ಚಬೇಡ, ಗುರುತನ್ನು ಪೆನ್ಸಿಲ್‌ನಲ್ಲೇ ಹಾಕು, ತಾತ ಕಟ್ಟಿಟ್ಟ ಕ್ರಮ ಕೆಡಿಸಬೇಡ ಅಂದಿರಿ. ಆ ಕ್ರಮವೂ ಒಂದು ದಾಖಲೆ ಅಂತ ನನಗೆ ಹೊಳೆದೇ ಇರಲಿಲ್ಲ. ತಾತ ಪ್ರಯೋಗಾಲಯದಲ್ಲಿ ದುಡಿದವರು ಎಂದಾಗ, ಬಳ್ಳಾರಿ ರಸ್ತೆಯ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಲ್ಲಿ ವಿಜ್ಞಾನದ ಇತಿಹಾಸಕ್ಕೇ ಮೀಸಲಾದ ಪತ್ರಾಗಾರವಿದೆ, 2019ರಲ್ಲಿ ಶುರುವಾದದ್ದು, ವಿಚಾರಿಸು ಎಂದಿರಿ.

ಹೆಸರು ಕೇಳುವಷ್ಟರಲ್ಲಿ ನಿಮ್ಮ ಬಸ್ ಬಂತು. ಅಮ್ಮಾ, ನಲವತ್ತೊಂದು ಪತ್ರಗಳೂ ಹಾಗೇ ಉಳಿದಿವೆ. ನಿಮಗೆ ನನ್ನ ನಮಸ್ಕಾರ.